ಯಂತ್ರ ಆಡಿದ ಏಕವಚನ

“ಕೈ ತೆಗೀರಿ. ಗುಂಡಿ ಒತ್ತಬೇಡಿ.”

ದೊಡ್ಡಮ್ಮನ ದನಿ ಜೋರಾಗಿರಲಿಲ್ಲ. ಆದರೂ ಕಂಪ್ಯೂಟರಿನತ್ತ ಚಾಚಿದ್ದ ದರ್ಜಿಯ ಬೆರಳು ಗಾಳಿಯಲ್ಲೇ ನಿಂತುಬಿಟ್ಟಿತು.

ಆಸ್ಪತ್ರೆಯ ಔಷಧ ವಿಭಾಗದಲ್ಲಿ ಅದು ಊಟದ ಬಿಡುವು. ಕೌಂಟರುಗಳ ಜಾಲರಿ ಕಿಟಕಿಗಳನ್ನು ಇಳಿಸಿದ್ದರು. ಹೊರಗೆ ಬೆಂಚುಗಳ ಮೇಲೆ ಕಾಯುತ್ತಿದ್ದವರ ಕೆಮ್ಮು, ಪಿಸುಮಾತು ಒಳಗೆ ಮಂದವಾಗಿ ಕೇಳುತ್ತಿತ್ತು. ಯಾರೂ ಮುಟ್ಟದಂತೆ ಮೂರನೇ ಕೌಂಟರಿಗೆ ಅಂಟಿಸಿದ್ದ ಹಳದಿ ಪಟ್ಟಿಯನ್ನು ಆಡಳಿತಾಧಿಕಾರಿ ಈಗಷ್ಟೇ ಕಿತ್ತು, ಉಂಡೆ ಮಾಡಿ, ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು.

ಈ ಕೌಂಟರಿನಿಂದಲೇ, ನಾಲ್ಕು ಹನಿ ಕುಡಿಸಬೇಕಾಗಿದ್ದ ಕೂಸಿಗೆ ನಲವತ್ತು ಹನಿ ಎಂಬ ಲೇಬಲ್ ಹೋಗಿತ್ತು. ಕೂಸು ಇನ್ನೂ ಮೇಲಿನ ಮಹಡಿಯ ತೀವ್ರ ನಿಗಾ ಘಟಕದಲ್ಲಿತ್ತು. ಲೇಬಲ್ ತೆಗೆದು ಬಾಟಲಿಗೆ ಅಂಟಿಸಿದವಳು ದೊಡ್ಡಮ್ಮನ ತಂಗಿಯ ಮಗಳು.

ಆಳು ಚಿಕ್ಕದು, ಮಾತು ಖಾರ ಎಂದು ಮನೆಯವರು ಅವಳನ್ನು ಮೆಣಸು ಎಂದೇ ಕರೆಯುತ್ತಿದ್ದರು. ಇವತ್ತು ಆ ಖಾರವೆಲ್ಲ ಇಳಿದುಹೋಗಿ, ಗೋಡೆಗೆ ಒರಗಿ ನಿಂತಿದ್ದಳು. ಕೌಂಟರಿನ ಒಳಗೆ ಕಾಲಿಡುವ ಹಕ್ಕು ಅವಳಿಗೆ ಸದ್ಯಕ್ಕೆ ಇರಲಿಲ್ಲ. ನಾಳೆ ಬೆಳಿಗ್ಗೆ ವಿಚಾರಣಾ ಸಮಿತಿ ಕೂರುತ್ತದೆ. ಕೂಸಿನ ತೂಕವನ್ನು ಕಂಪ್ಯೂಟರಿಗೆ ತುಂಬುವಾಗ ಅವಳೇ ಕೈತಪ್ಪಿದಳು ಎಂದು ತೀರ್ಮಾನವಾದರೆ, ಇನ್ನು ಜನ್ಮದಲ್ಲಿ ಅವಳು ಯಾರಿಗೂ ಒಂದು ಮಾತ್ರೆಯನ್ನೂ ಎಣಿಸಿ ಕೊಡುವಂತಿಲ್ಲ.

“ಗುಂಡಿ ಒತ್ತದೆ ಪರೀಕ್ಷೆ ಹೇಗೆ ಮಾಡೋದು, ದೊಡ್ಡಮ್ಮ?” ಎಂದ ದರ್ಜಿ. ಪೊಲೀಸ್ ಇಲಾಖೆಯಲ್ಲಿದ್ದಾಗಲೂ, ನಿವೃತ್ತಿಯಾಗಿ ಪತ್ತೇದಾರಿಕೆಗೆ ಇಳಿದ ಮೇಲೂ, ಎಲ್ಲರಿಗೂ ಅವರು ದೊಡ್ಡಮ್ಮನೇ.

“ಮೊದಲು ನನಗೆ ಒಂದು ಹೇಳಿ. ಆನ್ ಮಾಡಿದ ತಕ್ಷಣ ನಿಮ್ಮ ಪ್ರೋಗ್ರಾಮು ಏನು ಮಾಡುತ್ತೆ? ಎಲ್ಲಕ್ಕಿಂತ ಮೊದಲು?”

ದರ್ಜಿ ಬಟ್ಟೆ ಹೊಲಿಯುವವನಲ್ಲ. ಔಷಧದ ಲೇಬಲ್ ಮುದ್ರಿಸುವ, ಮಕ್ಕಳ ತೂಕ ಹಾಕಿದರೆ ಎಷ್ಟು ಹನಿ ಎಂದು ಲೆಕ್ಕ ಹೇಳುವ ಪ್ರೋಗ್ರಾಮನ್ನು ಬರೆದವನು. ಪ್ರತಿ ಹೊಸ ಅಪ್‌ಡೇಟನ್ನೂ ‘ಹೊಸ ಅಂಗಿ’ ಎನ್ನುತ್ತಿದ್ದುದರಿಂದ ಆ ಅಡ್ಡಹೆಸರು ಅಂಟಿಕೊಂಡಿತ್ತು.

“ಲಾಂಚರ್ ಅಂತ ಒಂದು ಪುಟ್ಟ ಪ್ರೋಗ್ರಾಮು ಮೊದಲು ಎದ್ದೇಳುತ್ತೆ” ಎಂದ ಅವನು, ತಾಳ್ಮೆಯಿಂದ. “ಸರ್ವರ್ ಹತ್ರ ಹೋಗಿ, ಹೊಸ ಅಂಗಿ ಏನಾದ್ರೂ ಹೊಲಿದಿದೀರಾ ಅಂತ ಕೇಳುತ್ತೆ. ಇದ್ರೆ ತಂದು, ನನ್ನ ಮೊಹರು ಇದೆಯಾ ನೋಡಿ, ಹಾಕ್ಕೊಳ್ಳುತ್ತೆ. ಆಮೇಲೆ ಅಸಲಿ ಪ್ರೋಗ್ರಾಮು ಶುರು.”

“ಹಳೇ ಅಂಗಿ?”

“ಹೊಸದು ಸರಿಯಾಗಿ ಕೂತ್ರೆ ಹಳೇದನ್ನ ಬಿಸಾಕಿಬಿಡುತ್ತೆ. ಇಲ್ಲಾಂದ್ರೆ ಈ ಹಳೇ ಯಂತ್ರಗಳಲ್ಲಿ ಜಾಗ ಎಲ್ಲಿ? ಜಾವಾ ಅನ್ನೋ ಪ್ರೋಗ್ರಾಮು ಭಾಷೇಲಿ ಬರೆದದ್ದು ನೋಡಿ, ಜಾವಾನೂ ಜೊತೇಲೇ ಹೊತ್ಕೊಂಡು ಬರುತ್ತೆ. ಒಲೆ, ಪಾತ್ರೆ, ಚಾಪೆ ಎಲ್ಲಾ ಗಂಟು ಕಟ್ಕೊಂಡು ಬಿಡಾರಕ್ಕೆ ಬರೋ ನೆಂಟರ ಹಾಗೆ.”

ಆಡಳಿತಾಧಿಕಾರಿ ಫಕ್ಕನೆ ನಕ್ಕರು. ನಗುವ ಸಂದರ್ಭವಲ್ಲ ಎಂದು ಅನಿಸಿತೇನೋ, ಕೆಮ್ಮಿದರು.

ದೊಡ್ಡಮ್ಮ ನಗಲಿಲ್ಲ. “ಅನಾಹುತ ಆದ ಮಾರನೇ ದಿನ ನೀವು ಎಲ್ಲಾ ಕೌಂಟರಿಗೂ ಹೊಸ ಅಂಗಿ ಕಳಿಸಿದ್ರಿ. ಯಾಕೆ?”

“ಎಚ್ಚರಿಕೆಗೆ. ಹನಿ ಇಪ್ಪತ್ತು ದಾಟಿದ್ರೆ ಕೆಂಪು ಅಕ್ಷರದಲ್ಲಿ ಕೇಳೋ ಹಾಗೆ ಮಾಡಿದೆ. ಅದನ್ನ ಮೊದಲೇ ಮಾಡಬೇಕಿತ್ತು.”

“ಒಳ್ಳೇ ಕೆಲಸ. ಆದ್ರೆ ಈ ಯಂತ್ರ ಅವತ್ತು ಸಾಯಂಕಾಲ ಆರಿಸಿದ್ದು, ಇನ್ನೂ ಕಣ್ಣು ಬಿಟ್ಟಿಲ್ಲ. ಅಂದ್ರೆ ಅವತ್ತು ಹಾಕ್ಕೊಂಡಿದ್ದ ಅಂಗಿ ಇನ್ನೂ ಇದರ ಮೈಮೇಲೇ ಇದೆ. ಈಗ ನೀವು ಗುಂಡಿ ಒತ್ತಿದ್ರೆ?”

ದರ್ಜಿ ಕೈಯನ್ನು ಯಂತ್ರದಿಂದ ದೂರ ಸರಿಸಿದ.

“ನಾಳೆ ಸಮಿತಿಯವರ ಮುಂದೆ ಒತ್ತಿದ್ರೂ ಅಷ್ಟೇ ಅಲ್ವಾ? ಎಲ್ಲರ ಕಣ್ಣೆದುರೇ ಅದು ಪಾಪದ ಹಾಗೆ ಹೊಸದನ್ನ ತೊಟ್ಕೊಂಡು, ಹಳೇದನ್ನ ಬಿಸಾಕಿ, ನಾಲ್ಕು ಹನಿ ಅನ್ನುತ್ತೆ. ಯಂತ್ರ ಸರಿಯಾಗಿದೆ, ಹುಡುಗೀದೇ ತಪ್ಪು ಅಂತ ಎಲ್ಲರೂ ಎದ್ದು ಹೋಗ್ತಾರೆ.”

“ನನಗೆ... ಅದು ಹೊಳೀಲಿಲ್ಲ” ಎಂದ ದರ್ಜಿ.

ನಿಜವಿರಬಹುದು. ಸುಳ್ಳೂ ಇರಬಹುದು. ಇಷ್ಟು ವರ್ಷ ಮನುಷ್ಯರ ಮುಖ ಓದಿದ ದೊಡ್ಡಮ್ಮನಿಗೆ ಈ ಮುಖ ಮಾತ್ರ ದಕ್ಕುತ್ತಿರಲಿಲ್ಲ. ಅಡ್ಡ ಬರುತ್ತಿದ್ದುದು ಅವನ ಒಳ್ಳೆಯತನ. ಓದು ಬಾರದವರಿಗೆಂದು ಲೇಬಲಿನಲ್ಲಿ ಬೆಳಗಿನ ಮಾತ್ರೆಗೆ ಸೂರ್ಯನನ್ನೂ ರಾತ್ರಿಯ ಮಾತ್ರೆಗೆ ಚಂದ್ರನನ್ನೂ ಮುದ್ರಿಸುವ ಏರ್ಪಾಡು ಮಾಡಿದವನು ಇವನೇ. ಯಾರೂ ಹೇಳಿ ಮಾಡಿಸಿದ್ದಲ್ಲ. ಅಂಥವನನ್ನು ಅನುಮಾನಿಸುವುದು ಅವರಿಗೆ ಹಿತವಾಗಿರಲಿಲ್ಲ. ಅನುಮಾನಿಸದೆ ಬಿಡುವಂತೆಯೂ ಇರಲಿಲ್ಲ.

“ನೆಟ್‌ವರ್ಕ್ ತಂತಿ ಯಾವುದು?”

“ನೀಲಿ ಬಣ್ಣದ್ದು. ನಾನೇ ತೆಗೀತೀನಿ, ನಿಮಗೆ ಬಗ್ಗೋಕೆ ಕಷ್ಟ.”

“ಪರವಾಗಿಲ್ಲ, ಬಗ್ತೀನಿ.”

ಮಂಡಿ ನೋವು ನುಂಗಿಕೊಂಡು ಮೇಜಿನ ಕೆಳಗೆ ಬಗ್ಗಿದರು. ತಂತಿಯನ್ನು ತಮ್ಮ ಕೈಯಿಂದಲೇ ಕಿತ್ತರು. ಅಲ್ಲಿ ಅವರಿಗೆ ಇನ್ನೊಂದು ಕಂಡಿತು: ಕಾಲಿಡಲು ಮಾಡಿದ ಒಂದು ಗಿಡ್ಡ ಮಣೆ. ಮೇಲೆ ಮೆತ್ತನೆಯ ಸ್ಪಂಜು, ಅದರ ಮೇಲೆ ಹೂವಿನ ಬಟ್ಟೆ, ಅಂಚಿಗೆ ಒಂದಿಷ್ಟೂ ಎದ್ದಿರದಂತೆ ಬಡಿದ ಸಣ್ಣ ಮೊಳೆಗಳು. ಯಾರೋ ಯಾರದೋ ಪಾದಗಳ ಬಗ್ಗೆ ಬಹಳ ಯೋಚನೆ ಮಾಡಿದ್ದರು. ಮೆಣಸಿಗೆ ಕುರ್ಚಿಯಿಂದ ಕಾಲು ನೆಲಕ್ಕೆ ಎಟುಕುವುದಿಲ್ಲವಲ್ಲ, ಪಾಪ, ಎಂದುಕೊಂಡು ಮೇಲೆದ್ದರು.

“ಈಗ ಒತ್ತಿ. ಸರ್ವರ್ ಸಿಗದಿದ್ರೆ ಇದ್ದ ಅಂಗಿಯಲ್ಲೇ ಏಳುತ್ತೆ ಅಲ್ವಾ?”

“ಏಳುತ್ತೆ” ಎಂದ ದರ್ಜಿ. ಗುಂಡಿ ಒತ್ತಿದ.

ಹಳೆಯ ಯಂತ್ರ ಗೊರಗುಟ್ಟುತ್ತ ಎದ್ದಿತು.

ಈ ತಂತಿಯ ಯೋಚನೆ ದೊಡ್ಡಮ್ಮನಿಗೆ ಬಂದದ್ದು ಬೆಳಿಗ್ಗೆ, ಅಡುಗೆಮನೆಯಲ್ಲಿ. ಊಟ ಬೇಡ, ತಿಂಡಿ ಬೇಡ ಎಂದು ಮುಖ ತಿರುಗಿಸಿ ಕೂತಿದ್ದ ಮೆಣಸು ಇದ್ದಕ್ಕಿದ್ದಂತೆ ಅಂದಿದ್ದಳು: “ಅವತ್ತು ನನ್ನ ಗ್ರಹಚಾರ ಎಷ್ಟು ಕೆಟ್ಟಿತ್ತು ಅಂದ್ರೆ ದೊಡ್ಡಮ್ಮ, ಬೆಳಿಗ್ಗೆ ಬೆಳಿಗ್ಗೆ ಆ ಯಂತ್ರ ಕೂಡ ನನ್ನ ಏಕವಚನದಲ್ಲಿ ಮಾತಾಡಿಸ್ತು.”

“ಯಂತ್ರ? ಏಕವಚನದಲ್ಲಿ?”

“ದಿನಾ ತೆರೆಯೋವಾಗ ‘ಸಿದ್ಧವಾಗುತ್ತಿದ್ದೇನೆ, ಸ್ವಲ್ಪ ತಾಳಿ’ ಅನ್ನುತ್ತೆ. ಅವತ್ತು ‘ಸ್ವಲ್ಪ ತಾಳು’ ಅಂತು. ನಾನು ನಕ್ಕು, ಓಹೋ, ದರ್ಜಿಯವರಿಗೆ ನನ್ನ ಮೇಲೆ ಸಲಿಗೆ ಜಾಸ್ತಿ ಆಯ್ತು ಅಂದ್ಕೊಂಡೆ. ಆಮೇಲೆ ಸಾಲು ಬೆಳೀತು, ಮರೆತೇಹೋಯ್ತು.”

ಇದನ್ನು ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದರೆ, “ಕೂಸು ಸಾವು ಬದುಕಿನ ಮಧ್ಯೆ ಇರೋವಾಗ, ಯಂತ್ರ ನನಗೆ ಮರ್ಯಾದೆ ಕೊಡಲಿಲ್ಲ ಅಂತ ದೂರು ಹೇಳ್ಲಾ?” ಎಂದು ಅತ್ತಿದ್ದಳು. ದೊಡ್ಡಮ್ಮ ಎದ್ದು ಅವಳ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದ್ದರು. “ತಿನ್ನು. ನಿನ್ನ ಕೆಲಸ ಉಳಿಯೋ ಹಾಗಿದ್ರೆ ಅದು ಈ ಒಂದು ಮಾತಿನಿಂದಲೇ ಉಳಿಯುತ್ತೆ.”

ಈಗ ನಾಲ್ವರೂ ಪರದೆಯನ್ನೇ ನೋಡುತ್ತಿದ್ದರು. ಸರ್ವರ್ ಸಿಗಲಿಲ್ಲ ಎಂಬ ಸಾಲು ಬಂದು ಹೋಯಿತು. ಹಿಂದೆಯೇ ತಿಳಿನೀಲಿ ಚೌಕವೊಂದು ಅರಳಿತು. ಅದರ ನಡುವೆ ಬಿಳಿಯ ಅಕ್ಷರಗಳು.

*ಸಿದ್ಧವಾಗುತ್ತಿದ್ದೇನೆ, ಸ್ವಲ್ಪ ತಾಳು.*

“ನೋಡಿದ್ರಾ!” ಎಂದಳು ಮೆಣಸು. ಗೋಡೆ ಬಿಟ್ಟು ಮುಂದೆ ಬಂದವಳು ನೆನಪಾಗಿ ಮತ್ತೆ ಹಿಂದೆ ಸರಿದಳು. ಆಡಳಿತಾಧಿಕಾರಿ ತಮ್ಮ ಮುಂದಿದ್ದ ನೀರಿನ ಲೋಟವನ್ನು ಅವಳತ್ತ ಚಾಚಿದರು.

“ಕೂಸಿನ ತೂಕ ಹಾಕಿ” ಎಂದರು ದೊಡ್ಡಮ್ಮ. “ಅದೇ ಔಷಧ.”

ದರ್ಜಿ ಹಾಕಿದ. ಎರಡು ಸಲ ತಿದ್ದಬೇಕಾಯಿತು. ಆಡಳಿತಾಧಿಕಾರಿ ಕನ್ನಡಕ ಏರಿಸಿಕೊಂಡು ಬಗ್ಗಿ, ತೂಕ ಸರಿಯಾಗಿದೆ ಎಂದು ಗಟ್ಟಿಯಾಗಿ ಓದಿದರು.

ಉತ್ತರ ಬಂತು. ನಲವತ್ತು ಹನಿ.

ಮೆಣಸಿನ ಕೈಯಲ್ಲಿದ್ದ ಲೋಟ ಹಲ್ಲಿಗೆ ತಾಗಿ ಸಣ್ಣಗೆ ಸದ್ದು ಮಾಡಿತು.

“ಹಾಗಾದ್ರೆ ಹುಡುಗಿ ತಪ್ಪಿಲ್ಲ” ಎಂದರು ಆಡಳಿತಾಧಿಕಾರಿ.

“ತಡೀರಿ. ಇಷ್ಟಕ್ಕೇ ಸಮಿತಿ ಒಪ್ಪಲ್ಲ. ಯಂತ್ರವನ್ನ ಅವಳೇ ಕೆಡಿಸಿದ್ಲು ಅಂತಾರೆ.” ದೊಡ್ಡಮ್ಮ ಸ್ಟೂಲ್ ಎಳೆದುಕೊಂಡು ದರ್ಜಿಯ ಎದುರು ಕೂತರು. “ಈ ಅಂಗಿಗೆ ಮೊಹರು ಇದೆಯಾ?”

ದರ್ಜಿ ಒಂದೆರಡು ಕಡೆ ಒತ್ತಿ ನೋಡಿದ. “ಇದೆ.”

“ಯಾರದು?”

“ನಂದು.”

“ಮೊಹರಿನ ಕೀಲಿ ಎಲ್ಲಿರುತ್ತೆ?”

ಅವನು ಕೊರಳಿನ ದಾರ ಎಳೆದು ತೋರಿಸಿದ. ಮನೆಯ ಬೀಗದ ಕೈಯ ಜೊತೆ ಹೆಬ್ಬೆರಳಿನಷ್ಟು ಚಿಕ್ಕ ಪೆನ್ ಡ್ರೈವ್ ನೇತಾಡುತ್ತಿತ್ತು.

“ಗುಪ್ತಪದ?”

“ನನಗೊಬ್ಬನಿಗೇ ಗೊತ್ತು.”

“ಅಂದ್ರೆ ನೀವೇ ಹೊಲಿದ ಅಂಗಿ.”

“ನಾನು... ಎಲ್ಲಾ ಕೌಂಟರಿಗೂ ಒಂದೇ ಅಂಗಿ ಕಳಿಸೋದು, ದೊಡ್ಡಮ್ಮ. ಒಂದೇ ಬಟ್ಟೆ, ಒಂದೇ ಅಳತೆ.”

“ಬೇರೆ ಕೌಂಟರುಗಳಲ್ಲಿ ಅವತ್ತು ‘ತಾಳಿ’ ಅಂತಲೇ ಇತ್ತು. ನಾನು ಎಲ್ಲರನ್ನೂ ಕೇಳಿದೀನಿ. ಈ ಮೂರನೇದಕ್ಕೆ ಮಾತ್ರ ಬೇರೆ ಕೊಡೋಕೆ ಆಗುತ್ತಾ?”

“ಲಾಂಚರ್ ಸರ್ವರ್ ಹತ್ರ ತನ್ನ ಕೌಂಟರ್ ನಂಬರ್ ಹೇಳ್ಕೊಂಡೇ ಕೇಳುತ್ತೆ. ಹಾಗಾಗಿ... ಆಗುತ್ತೆ.”

“ಹೋದ ವಾರ ನಾನು ಇದನ್ನೇ ಕೇಳಿದಾಗ ಆಗಲ್ಲ ಅಂದ್ರಿ.”

“ಮಾಡಲ್ಲ ಅಂದೆ. ಆಗಲ್ಲ ಅನ್ನಲಿಲ್ಲ.”

“ಒಳ್ಳೇ ವಕೀಲರ ಮಾತು ಕಲ್ತಿದೀರಿ.”

ದರ್ಜಿ ತಲೆ ಎತ್ತಿದ. ಮೊದಲ ಬಾರಿ ಅವನ ದನಿಯಲ್ಲಿ ಸಿಟ್ಟು ಇಣುಕಿತು. “ನೀವು ಏನು ಬೇಕಾದ್ರೂ ಅನ್ನಿ. ಆದ್ರೆ ಆ ‘ತಾಳು’ ನಾನು ಬರೆಯೋ ಮಾತಲ್ಲ. ಯಾರನ್ನ ಬೇಕಾದ್ರೂ ಕೇಳಿ. ನೆಲ ಒರೆಸೋ ಅಮ್ಮನಿಗೂ ನಾನು ನೀವು ಅಂತಲೇ ಅನ್ನೋದು. ಹೊರಗೆ ಬರೋ ಬೆಕ್ಕಿಗೂ ಬನ್ನಿ ಅಂತೀನಿ, ಎಲ್ಲರೂ ನಗ್ತಾರೆ.”

“ಅದು ನಿಜ” ಎಂದಳು ಮೆಣಸು, ತನಗೇ ಇಷ್ಟವಿಲ್ಲದವಳಂತೆ. “ಬೆಕ್ಕಿಗೂ ಬಹುವಚನ.”

ನಿಜವೆಂದು ದೊಡ್ಡಮ್ಮನಿಗೂ ಗೊತ್ತಿತ್ತು. ತೊಡಕು ಇದ್ದದ್ದೇ ಅಲ್ಲಿ. ನೂರು ಜನ ಓದುತ್ತಾರೆಂದು ಬರೆಯುವವನು ‘ತಾಳಿ’ ಎಂದು ಬರೆಯುತ್ತಾನೆ. ‘ತಾಳು’ ಎಂದು ಬರೆದವನ ಮನಸ್ಸಿನಲ್ಲಿ ಇದ್ದದ್ದು ನೂರು ಜನರಲ್ಲ, ಒಬ್ಬಳೇ. ಈ ಕೌಂಟರಿನಲ್ಲಿ ಕೂರುವವಳು. ದಿನವೂ ನೀನು, ಬಾ ಎಂದು ಮಾತಾಡಿಸಿ ರೂಢಿಯಾದವಳು. ಅವಳ ಮುಖ ಕಣ್ಣ ಮುಂದೆ ಬಂದಾಗ ಬೆರಳು ತನ್ನಷ್ಟಕ್ಕೆ ಏಕವಚನ ಒತ್ತಿಬಿಟ್ಟಿದೆ. ಬೇಕೆಂದು ಮಾಡಿದ ಕೆಲಸದಲ್ಲಿ ಬೇಡದೆ ಬಂದ ಸಲಿಗೆ.

“ಮೆಣಸೂ, ಈ ಕಟ್ಟಡದಲ್ಲಿ ನಿನ್ನನ್ನ ನೀನು ಅನ್ನೋರು ಯಾರು?”

“ನೀವೊಬ್ಬರೇ, ದೊಡ್ಡಮ್ಮ. ಅದೂ ಇವತ್ತು ಬಂದಿದ್ದಕ್ಕೆ.”

“ಡಾಕ್ಟರು?”

“ಎಲ್ಲರೂ ನೀವು, ಬನ್ನಿ. ಸಿಟ್ಟು ಬಂದ್ರೆ ಹೆಸರೂ ಇಲ್ಲ, ‘ಕೌಂಟರ್ ಮೂರು!’ ಅಂತ ಕೂಗ್ತಾರೆ, ಅಷ್ಟೇ.”

“ಚೆನ್ನಾಗಿ ಯೋಚನೆ ಮಾಡು. ಹಳೇ ಕ್ಲಾಸಿನವರು? ನೆಂಟರು?”

“ಇಲ್ಲ ಅಂದ್ನಲ್ಲಾ.” ಸ್ವಲ್ಪ ಖಾರ ಮರಳಿತ್ತು. “ಇನ್ನೊಂದು ವಿಷಯ ಹೇಳ್ಲಾ? ಇದು ನನ್ನ ಕೌಂಟರೇ ಅಲ್ಲ.”

ದೊಡ್ಡಮ್ಮ ಅವಳತ್ತ ಪೂರ್ತಿ ತಿರುಗಿದರು. “ಏನು?”

“ನಂದು ಮೊದಲನೇದು. ಕಿಟಕಿ ಪಕ್ಕದ್ದು. ಅವತ್ತು ಬೆಳಿಗ್ಗೆ ಅದಲು ಬದಲು ಮಾಡ್ಕೊಂಡ್ವಿ. ಇಲ್ಲಿ ಕೂರೋರು ತುಂಬು ಬಸುರಿ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ, ಇವತ್ತೊಂದು ದಿನ ಕೊಡ್ತೀರಾ ಅಂತ ಕೇಳಿದ್ರು. ಆಗಲಿ ತಾಯಿ ಅಂತ ಎದ್ದೆ. ಸಮಿತಿಯವರು ಹೇಳಿಕೆ ಬರೆಸ್ಕೊಳ್ಳೋವಾಗ ಯಾವ ಕೌಂಟರಿನಿಂದ ಹೋಯ್ತು ಅಂತ ಕೇಳಿದ್ರು, ಇದು ಯಾರ ಕೌಂಟರ್ ಅಂತ ಯಾರೂ ಕೇಳಲಿಲ್ಲ.”

“ಅವರೇ ಕೇಳಿದ್ರಾ? ನೀನು ಕೊಟ್ಟಿದ್ದಲ್ವಾ?”

“ಅವರೇ ಕೇಳಿದ್ದು. ಬಾಗಿಲು ತೆರೆಯೋಕೂ ಮೊದಲೇ ಬಂದು ನಿಂತಿದ್ರು.”

ದೊಡ್ಡಮ್ಮನ ಕಣ್ಣು ಮೇಜಿನ ಕೆಳಗೆ ಹೋಯಿತು. ಸ್ಪಂಜು, ಹೂವಿನ ಬಟ್ಟೆ, ಅಂದವಾಗಿ ಬಡಿದ ಮೊಳೆಗಳು. ಅದು ಮೆಣಸಿನ ಗಿಡ್ಡ ಕಾಲಿಗೆ ಮಾಡಿದ್ದಲ್ಲ. ಬಾತ ಪಾದಗಳಿಗೆ ಮಾಡಿದ್ದು.

“ಈ ಮಣೆ ಯಾರು ಮಾಡಿದ್ದು?” ಎಂದು ಕೇಳಿದರು.

ಪ್ರಶ್ನೆ ಮೆಣಸಿಗೆ. ಆದರೆ ಅವರು ನೋಡುತ್ತಿದ್ದುದು ದರ್ಜಿಯನ್ನು. ಅವನು ಪರದೆಯನ್ನು ನೋಡುತ್ತಿದ್ದ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಒರೆಸಿಕೊಳ್ಳುವುದೂ ಅವನಿಗೆ ತೋಚಲಿಲ್ಲ.

“ದರ್ಜಿಯವರೇ, ನಾನು ಕೇಳಿದ್ದು...”

ಹಿಂದಿನ ಬಾಗಿಲು ಕಿರ್‍ರೆಂದಿತು.

ಸೊಂಟಕ್ಕೆ ಒಂದು ಕೈ ಆನಿಸಿ, ಇನ್ನೊಂದು ಕೈಯಲ್ಲಿ ಮೂರಂತಸ್ತಿನ ಬುತ್ತಿ ಹಿಡಿದು, ತುಂಬು ಬಸುರಿಯೊಬ್ಬಳು ಹೊಸ್ತಿಲ ಮೇಲೆ ನಿಂತಿದ್ದಳು. ಔಷಧದ ಕಪಾಟು ಅಡ್ಡವಿದ್ದುದರಿಂದ ಅವಳಿಗೆ ಕಾಣುತ್ತಿದ್ದುದು ದರ್ಜಿಯ ಬೆನ್ನು ಮಾತ್ರ. ಮುಖದಲ್ಲಿ ಆಯಾಸ, ಆಯಾಸದ ಮೇಲೊಂದು ಮುದ್ದು.

“ಅಣ್ಣಾ, ಎಲ್ಲಿ ಮಾಯವಾದೆ ನೀನು? ಅನ್ನ ಆರಿ ಕಲ್ಲಾಗ್ತಿದೆ. ನಿನಗೆ ಕಾದು ಕಾದು ಒಳಗಿರೋನು ಒದೀತಿದಾನೆ. ಬಾ ಬೇಗ.”

ದರ್ಜಿ ತಿರುಗಲಿಲ್ಲ. ಯೋಚನೆಯಲ್ಲಿ ಮುಳುಗಿದವರು ಅತಿ ಹತ್ತಿರದವರಿಗೆ ಹೇಳುವಂತೆ, ಹೇಳಿದ್ದೂ ತನಗೆ ತಿಳಿಯದಂತೆ, ಒಂದು ಕೈ ಎತ್ತಿದ.

“ಸ್ವಲ್ಪ ತಾಳು.”

ಮೆಣಸಿನ ಬಾಯಿ ತೆರೆದಂತೆಯೇ ಉಳಿಯಿತು. ಆಡಳಿತಾಧಿಕಾರಿ ಕುರ್ಚಿಯಿಂದ ಅರ್ಧ ಎದ್ದರು.

ತಾನು ಏನಂದೆನೆಂದು ದರ್ಜಿಗೆ ಆಗ ಕೇಳಿಸಿತು. ಅವನು ನಿಧಾನವಾಗಿ ಕಣ್ಣು ಮುಚ್ಚಿದ.

“ನಿಮ್ಮ ತಂಗಿ” ಎಂದರು ದೊಡ್ಡಮ್ಮ. ಅವರ ದನಿಯಲ್ಲಿ ಗೆಲುವು ಇರಲಿಲ್ಲ. ಆ ಮಣೆಯ ಮೊಳೆಗಳನ್ನು ಅವರು ಇನ್ನೂ ಮರೆತಿರಲಿಲ್ಲ. ತಂಗಿಯ ಪಾದಕ್ಕೆ ಒಂದು ಮೊಳೆ ತಾಗಬಾರದೆಂದು ಕೂತು ಬಡಿದವನು, ಅದೇ ತಂಗಿಯ ಮೇಜಿಗೆ ಕೂಸಿನ ಜೀವ ತೆಗೆಯುವ ಲೆಕ್ಕವನ್ನು ಕಳಿಸುತ್ತಾನೆಯೇ? “ಹೊಸ ಅಂಗಿ ಮೊದಲು ಅವಳಿಗೆ ತೊಡಿಸಿ ನೋಡ್ತಿದ್ರಾ? ತಪ್ಪಿದ್ರೆ ಅವಳು ಹೇಳ್ತಾಳೆ ಅಂತ? ಅಷ್ಟೇನಾ? ಅಷ್ಟೇ ಆಗಿದ್ರೆ ಬಾಯಿಬಿಟ್ಟು ಹೇಳಿ. ನಾಳೆ ಈ ಹುಡುಗಿ ಬದುಕು ಹೋಗುತ್ತೆ.”

“ಅವಳಿಗೇನೂ ಗೊತ್ತಿಲ್ಲ” ಎಂದ ದರ್ಜಿ, ಕಣ್ಣು ತೆರೆಯದೆ. “ಎಲ್ಲಾ ನಂದೇ. ಅವಳನ್ನ ಬಿಟ್ಟುಬಿಡಿ. ಆ ಅಂಗಿ ಬಂದದ್ದೇ ಅವಳಿಗೆ ಗೊತ್ತಿಲ್ಲ.”

ಬಸುರಿ ಕಪಾಟನ್ನು ದಾಟಿ ಮುಂದೆ ಬಂದಿದ್ದಳು. ದೊಡ್ಡಮ್ಮನನ್ನು ನೋಡಿದಳು. ಗೋಡೆಯ ಬಳಿಯ ಮೆಣಸನ್ನು ನೋಡಿ, ಥಟ್ಟನೆ ದೃಷ್ಟಿ ತಪ್ಪಿಸಿದಳು. ನೆಲದ ಮೇಲೆ ಹಾವಿನಂತೆ ಬಿದ್ದಿದ್ದ ನೀಲಿ ತಂತಿಯನ್ನೂ, ಪರದೆಯ ಮೇಲಿನ ನಲವತ್ತು ಹನಿಯನ್ನೂ ನೋಡಿದಳು.

ಬುತ್ತಿಯ ಹಿಡಿ ಅವಳ ಬೆರಳಿನಿಂದ ಜಾರಿತು. ಮೆಣಸೇ ಓಡಿಬಂದು ಅದನ್ನು ಹಿಡಿದಳು, ಇನ್ನೊಂದು ಕೈಯಿಂದ ಅವಳ ತೋಳನ್ನೂ. ಅವಳು ಒಳಗೆ ಕಾಲಿಡಬಾರದೆಂಬುದು ಈಗ ಯಾರಿಗೂ ನೆನಪಿರಲಿಲ್ಲ.

ಆದರೆ ಬಸುರಿ ತನ್ನ ತೋಳು ಹಿಡಿದವಳತ್ತ ತಿರುಗಲಿಲ್ಲ. ಅಣ್ಣನನ್ನೇ ನೋಡುತ್ತ, ಮಗುವಿನಷ್ಟು ಸಣ್ಣ ದನಿಯಲ್ಲಿ ಕೇಳಿದಳು:

“ಈ ಅಂಗೀನ ಅವತ್ತೇ ಅಳಿಸಿಬಿಟ್ಟೆ ಅಂದಿದ್ಯಲ್ಲೋ, ಅಣ್ಣಾ?”